ಈಗ ಏನು ಕೇಳ್ತಿದ್ದೀರಿ?

ಹೋದ ಸಂಚಿಕೆಯಲ್ಲಿ ಸುಮ್ನೆ ಒಂದು ಸಾಲು ಹಾಕಿದ್ದೆ: ಈಗ ನೀವು ಯಾವ ಹಾಡು, ಯಾವ ಸಂಗೀತ ಕೇಳುತ್ತಿದ್ದೀರಿ, ಬರೆದು ಕಳಿಸಿ ಅಂತ. ಹತ್ತಿಪ್ಪತ್ತು ಜನ ಬರೆಯಬಹುದು ಅಂದುಕೊಂಡಿದ್ದೆ. ಅದಕ್ಕಿಂತ ತುಂಬಾ ಜಾಸ್ತಿ ಬಂದಿವೆ. ಇನ್‌ಲ್ಯಾಂಡ್ ಲೆಟರ್ ಬರೆಯುವವರು ಇನ್ನೂ ಇದ್ದಾರೆ ಅಂತ ಗೊತ್ತಾಯಿತು. ವಾಟ್ಸಾಪ್‌ನಲ್ಲಿ ಹಾಡಿಯೇ ಕಳಿಸಿದವರೂ ಇದ್ದಾರೆ, ಒಬ್ಬರದ್ದರಲ್ಲಂತೂ ಚರಣದ ಮಧ್ಯೆ ಕುಕ್ಕರ್ ಮೂರು ಸಲ ಕೂಗುತ್ತದೆ, ಅವರು ನಿಲ್ಲಿಸದೆ ಹಾಡುತ್ತಲೇ ಇದ್ದಾರೆ. ಬರೀ ಪಟ್ಟಿ ಕಳಿಸಿದವರ ಪತ್ರಗಳನ್ನು ಪಕ್ಕಕ್ಕಿಟ್ಟಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಪಟ್ಟಿಯ ಜೊತೆ ಒಂದು ಪ್ರಶ್ನೆಯನ್ನೋ, ಒಂದು ಜಗಳವನ್ನೋ ಕಳಿಸಿದವರಿಗೆ ಈ ಸಲ ಜಾಗ.

ಪ್ರಶ್ನೆ: ಅಕ್ಕ, ನಾನು ಮಂಡ್ಯದ ಹುಡುಗ. ದಿನಾ ಬೆಳಿಗ್ಗೆ ರೈಲಿನಲ್ಲಿ ಮೈಸೂರಿಗೆ ಕಾಲೇಜಿಗೆ ಬಂದು ಸಂಜೆ ವಾಪಸ್ ಹೋಗುತ್ತೇನೆ. ಫೋನಿನಲ್ಲಿ ಹಾಡಿಗೇನೂ ಬರ ಇಲ್ಲ. ಆದರೆ ಯಾವುದನ್ನೂ ಪೂರ್ತಿ ಕೇಳುವುದಿಲ್ಲ. ಪಲ್ಲವಿ ಮುಗಿಯುವ ಹೊತ್ತಿಗೆ ಬೆರಳು ಮುಂದಿನ ಹಾಡಿಗೆ ಹೋಗಿರುತ್ತದೆ. ಮೈಸೂರು ಬರುವಷ್ಟರಲ್ಲಿ ನಲವತ್ತು ಹಾಡು ಮುಟ್ಟಿರುತ್ತೇನೆ, ಇಳಿದ ಮೇಲೆ ಒಂದೂ ನೆನಪಿರುವುದಿಲ್ಲ. ಇದು ನನಗೊಬ್ಬನಿಗೇನಾ?

ಉತ್ತರ: ನಿನಗೊಬ್ಬನಿಗೇ ಅಲ್ಲ ಕಣಪ್ಪ. (ಅಕ್ಕ ಅಂದೆಯಲ್ಲ, ಅದಕ್ಕೇ ಏಕವಚನ.) ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಇದೇ ಗೋಳು, ಅರವತ್ತು ದಾಟಿದವರದ್ದೂ.

ಒಂದು ವಿಷಯ ಹೇಳುತ್ತೇನೆ. 1902ರಲ್ಲಿ ಗೌಹರ್ ಜಾನ್ ಅನ್ನುವ ಗಾಯಕಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಿದರು. ಒಂದು ತಟ್ಟೆಯಲ್ಲಿ ಹಿಡಿಸುತ್ತಿದ್ದದ್ದು ಮೂರು ನಿಮಿಷ, ಇನ್ನೊಂದು ಚೂರು. ಗಂಟೆಗಟ್ಟಲೆ ಹಾಡುವ ರಾಗವನ್ನು ಅಷ್ಟರೊಳಗೆ ಮುಗಿಸಿ, ಕೊನೆಯಲ್ಲಿ ‘ನನ್ನ ಹೆಸರು ಗೌಹರ್ ಜಾನ್’ ಅಂತ ಇಂಗ್ಲಿಷ್‌ನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ, ಅಲ್ಲಿನವರಿಗೆ ಯಾರ ಹಾಡು ಅಂತ ಗೊತ್ತಾಗಬೇಕಲ್ಲ. ಆ ಮೂರು ನಿಮಿಷಕ್ಕೋಸ್ಕರ ಜನ ಸೂಜಿ ಬದಲಾಯಿಸಿ, ಕೀ ಕೊಟ್ಟು, ಸುತ್ತ ಕೂತು ಕೇಳುತ್ತಿದ್ದರು. ಮುಂದಿನ ಹಾಡು ಬೇಕಾದರೆ ಎದ್ದು ಹೋಗಿ ತಟ್ಟೆ ಬದಲಾಯಿಸಬೇಕು. ನಿನ್ನ ಬೆರಳಿಗೆ ಆ ಕಷ್ಟ ಇಲ್ಲ, ತಾಪತ್ರಯ ಇರುವುದೇ ಅಲ್ಲಿ. ಅಂದ ಹಾಗೆ ಆಕೆ ಕೊನೆಗಾಲದಲ್ಲಿ ಅರಮನೆಯ ವಿದುಷಿಯಾಗಿ ನಮ್ಮೂರಿಗೇ ಬಂದರು, 1928ರಲ್ಲಿ. 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು. ನೀನು ದಿನಾ ಇಳಿಯುವ ಊರು.

ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಪ್ಯಾಸೆಂಜರ್ ಗಾಡಿಯಾದರೆ ಒಂದು ಗಂಟೆ ಅಂತಿಟ್ಟುಕೋ. ಹಳೆಯ ಅರವತ್ತು ನಿಮಿಷದ ಕ್ಯಾಸೆಟ್ ಒಂದು ಸರಿಯಾಗಿ ಅಷ್ಟೇ. ಪಾಂಡವಪುರದ ಹತ್ತಿರ ಒಂದು ಬದಿ ಮುಗಿಯುತ್ತದೆ, ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟುವಾಗ ಎರಡನೇ ಬದಿ ಓಡುತ್ತಿರುತ್ತದೆ. ಹಾಗಾಗಿ ಒಂದು ವಾರ ಹೀಗೆ ಮಾಡಿ ನೋಡು: ಒಬ್ಬರದ್ದೇ ಒಂದು ಆಲ್ಬಂ ಹಾಕಿ ಫೋನನ್ನು ಬ್ಯಾಗಿನೊಳಗೆ ಇಡು, ಜೇಬಿನಲ್ಲಿ ಬೇಡ. ಯಾವುದು ಅಂತ ತೋಚದಿದ್ದರೆ ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಂ ಹಾಕು. ಮೈಸೂರಲ್ಲೇ ಓದಿ ಬೆಳೆದವರು, ಮೈಕ್ರೋಬಯಾಲಜಿ ಎಂಎಸ್‌ಸಿ ಮಾಡಿಕೊಂಡು ಗಿಟಾರ್ ಹಿಡಿದವರು. ಶಿಶುನಾಳ ಷರೀಫರ ಪದ ಅವರ ಬಾಯಲ್ಲಿ ಕೇಳಿದರೆ ಅಜ್ಜಿಯ ಹಾಡು ಅನ್ನಿಸುವುದಿಲ್ಲ.

ಇನ್ನೊಂದು ಮಾತು, ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ರೈಲಿನ ಗಲಾಟೆ ಮೀರಲಿ ಅಂತ ಸೌಂಡ್ ಜಾಸ್ತಿ ಮಾಡುತ್ತೀಯಲ್ಲ, ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ: 80 ಡೆಸಿಬಲ್ ಸದ್ದಿನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಅದರ ಮೇಲೆ ಪ್ರತಿ 3 ಡೆಸಿಬಲ್‌ಗೆ ಈ ಗಂಟೆಗಳು ಅರ್ಧವಾಗುತ್ತಾ ಹೋಗುತ್ತವೆ. 83ಕ್ಕೆ 20 ಗಂಟೆ, 86ಕ್ಕೆ 10. ನಿನ್ನ ಓಡಾಟವೇ ವಾರಕ್ಕೆ 12 ಗಂಟೆ. ಕಿವಿಯೊಳಗೆ ಸರಿಯಾಗಿ ಕೂರುವ ರಬ್ಬರ್ ಇರುವ ಇಯರ್‌ಫೋನ್ ತಗೋ, ಹೊರಗಿನ ಸದ್ದು ಕಮ್ಮಿಯಾದರೆ ಒಳಗಿನದ್ದನ್ನೂ ಇಳಿಸಬಹುದು.

ಪ್ರಶ್ನೆ: ಮೇಡಂ, ನಾನು ಅಗ್ರಹಾರದ ಸ್ಟ್ಯಾಂಡಿನಲ್ಲಿ ಆಟೋ ಓಡಿಸುತ್ತೇನೆ. ನನ್ನ ಗಾಡಿಯಲ್ಲಿ ರಾಜನ್–ನಾಗೇಂದ್ರ ಬಿಟ್ಟರೆ ಬೇರೆ ಹಾಡಿಲ್ಲ. ಇವರಿಬ್ಬರೂ ನಮ್ಮ ಮೈಸೂರಿನವರೇ ಅಂದರೆ ಒಬ್ಬ ಪ್ಯಾಸೆಂಜರ್ ನಂಬಲೇ ಇಲ್ಲ. ಮದ್ರಾಸಿನವರು ಅಂದ. ಐವತ್ತು ರೂಪಾಯಿ ಬೆಟ್ ಕಟ್ಟಿದ್ದೇವೆ.

ಉತ್ತರ: ಐವತ್ತು ರೂಪಾಯಿ ನಿಮ್ಮದೇ. ಶಿವರಾಂಪೇಟೆಯ ಹುಡುಗರು ಅವರು, ನಿಮ್ಮ ಸ್ಟ್ಯಾಂಡಿನಿಂದ ಮಿನಿಮಮ್ ಚಾರ್ಜ್ ದೂರ. ಅಪ್ಪ ರಾಜಪ್ಪನವರು ಹಾರ್ಮೋನಿಯಂ, ಕೊಳಲು ನುಡಿಸುತ್ತಿದ್ದರು. ಅಣ್ಣ ತಮ್ಮ ಸೇರಿ ಸಂಗೀತ ಕೊಟ್ಟ ಮೊದಲ ಸಿನಿಮಾ 1952ರದ್ದು. ಆ ಕಾಲದಲ್ಲಿ ಕನ್ನಡ ಸಿನಿಮಾದ ರೆಕಾರ್ಡಿಂಗ್ ಎಲ್ಲ ಮದ್ರಾಸಿನಲ್ಲೇ ನಡೆಯುತ್ತಿತ್ತು, ನಿಮ್ಮ ಪ್ಯಾಸೆಂಜರಿಗೆ ಅದೇ ಗೊಂದಲ ಆಗಿರಬೇಕು. ಎಸ್. ಜಾನಕಿ ಅವರ ಹಾಡುಗಳೂ ನಿಮ್ಮ ಗಾಡಿಯಲ್ಲಿ ಇದ್ದೇ ಇರುತ್ತವೆ. 2017ರ ಅಕ್ಟೋಬರ್ 28ರಂದು ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಅವರು ಹಾಡಿದ್ದು, ಇನ್ನು ವೇದಿಕೆ ಹತ್ತುವುದಿಲ್ಲ ಅಂತ ಹೇಳಿಯೇ. ಅವತ್ತು ಅಲ್ಲಿಗೆ ಬಾಡಿಗೆ ಹೋಗಿದ್ದಿರಾ? ಬರೆಯಿರಿ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು, ಸರಸ್ವತಿಪುರಂ. ಅಟ್ಟದ ಮೇಲಿನ ಟ್ರಂಕಿನಲ್ಲಿ ನೂರಕ್ಕೂ ಮೇಲೆ ಕ್ಯಾಸೆಟ್‌ಗಳಿವೆ. ಭಾವಗೀತೆ, ದಾಸರ ಪದ, ಕೆಲವು ನಾನೇ ರೇಡಿಯೋದಿಂದ ರೆಕಾರ್ಡ್ ಮಾಡಿಕೊಂಡದ್ದು. ಮಗ ಎಲ್ಲವೂ ಯೂಟ್ಯೂಬಿನಲ್ಲಿದೆ, ಗುಜರಿಗೆ ಹಾಕಿ ಅನ್ನುತ್ತಾನೆ. ಇವನ್ನು ಉಳಿಸಿಕೊಳ್ಳಲು ದಾರಿ ಇದೆಯೇ?

ಉತ್ತರ: ಮೇಷ್ಟ್ರೇ, ಮೊದಲು ಟ್ರಂಕಿಗೆ ಬೀಗ ಹಾಕಿ, ಕೀಲಿಕೈ ನಿಮ್ಮ ಹತ್ತಿರವೇ ಇರಲಿ.

ಮಗ ಹೇಳುವುದು ಅರ್ಧ ನಿಜ. ಅಂಗಡಿಯಲ್ಲಿ ಕೊಂಡ ಕ್ಯಾಸೆಟ್‌ಗಳ ಹಾಡು ಬಹುಪಾಲು ಸಿಗುತ್ತವೆ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ, 1978ರಲ್ಲಿ ಬಂದ ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಕೂಡ ಹುಡುಕಿದರೆ ಸಿಗುತ್ತದೆ. ಆದರೆ ನೀವು ರೇಡಿಯೋದಿಂದ ಹಿಡಿದದ್ದು? ಅದು ನಿಮ್ಮ ಟ್ರಂಕಿನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದೇ ಇರಬಹುದು. ಕೆಲಸ ಅಲ್ಲಿಂದ ಶುರುಮಾಡಿ.

ತೆಗೆದ ಕೂಡಲೇ ಟೇಪ್ ರೆಕಾರ್ಡರಿಗೆ ಹಾಕಿ ಪ್ಲೇ ಒತ್ತಬೇಡಿ. ನಾನು ಒತ್ತಿದ್ದೆ, ಅರ್ಧ ನಿಮಿಷಕ್ಕೆ ರೀಲು ಒಳಗೆ ಸುತ್ತಿಕೊಂಡು ಶಾವಿಗೆಯಾಯಿತು. ಮೊದಲು ಬೆಳಕಿಗೆ ಹಿಡಿದು ನೋಡಿ. ರೀಲಿನ ಅಂಚಿನಲ್ಲಿ ಬೆಳ್ಳಗೆ ಪುಡಿ ಕಂಡರೆ ಅದು ಬೂಷ್ಟು, ಅದನ್ನು ಬೇರೆ ಇಡಿ, ಒಳ್ಳೆಯ ಕ್ಯಾಸೆಟ್ ಓಡಿಸುವ ಮೆಷಿನ್ನಿಗೆ ಅದನ್ನು ತಾಗಿಸಬೇಡಿ. ಕ್ಯಾಸೆಟ್ಟಿನ ಮುಂಭಾಗದಲ್ಲಿ ರೀಲಿನ ಹಿಂದೆ ಚಿಕ್ಕ ಮೆತ್ತೆ ಇರುತ್ತದೆ, ರೀಲನ್ನು ಹೆಡ್ಡಿಗೆ ಒತ್ತಿ ಹಿಡಿಯುವುದಕ್ಕೆ. ಹಳೆಯದರಲ್ಲಿ ಅದರ ಅಂಟು ಒಣಗಿ ಉದುರಿರುತ್ತದೆ, ಆಗ ಹಾಡು ನೀರಿನೊಳಗಿಂದ ಬಂದ ಹಾಗೆ ಕೇಳುತ್ತದೆ. ಎಲ್ಲ ಸರಿಯಿದ್ದರೆ ಒಂದು ಸಲ ಪೂರ್ತಿ ಮುಂದಕ್ಕೆ ಓಡಿಸಿ, ಪೂರ್ತಿ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಒಂದಕ್ಕೊಂದು ಅಂಟಿಕೊಂಡ ರೀಲು ಸಡಿಲವಾಗುತ್ತದೆ. ಟೇಪ್ ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಹತ್ತಿ ಕಂದು ಬಣ್ಣಕ್ಕೆ ತಿರುಗುವುದು ನಿಲ್ಲುವ ತನಕ. ಸದ್ದು ಅಲೆಅಲೆಯಾಗಿ ಏರಿಳಿದರೆ ಒಳಗಿನ ಬೆಲ್ಟ್ ಸಡಿಲವಾಗಿದೆ ಅಂತ, ಅದನ್ನು ಹಾಕಿಸಿ. ಸದ್ದು ಮಂಕಾಗಿದ್ದರೆ ಹೆಡ್ಡಿನ ಪಕ್ಕದಲ್ಲಿ ಒಂದು ಸಣ್ಣ ಸ್ಕ್ರೂ ಇದೆ, ಹಾಡು ಓಡುತ್ತಿರುವಾಗಲೇ ಅದನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿ. ತಾಳದ ಗೆಜ್ಜೆಸದ್ದು ಎಲ್ಲಿ ಚುರುಕಾಗಿ ಕೇಳುತ್ತದೋ ಅಲ್ಲಿಗೆ ನಿಲ್ಲಿಸಿ. ಮೊದಲಿದ್ದ ಜಾಗಕ್ಕೆ ಒಂದು ಗುರುತು ಹಾಕಿಕೊಂಡು ಕೈ ಹಾಕಿ, ಮತ್ತೆ.

ಆಮೇಲೆ ಹೆಡ್‌ಫೋನ್ ತೂತಿನಿಂದ ಒಂದು ವೈರು, ಕಂಪ್ಯೂಟರಿಗೆ. ಯುಎಸ್‌ಬಿಗೆ ಸಿಕ್ಕಿಸುವ ಚಿಕ್ಕ ಆಡಿಯೋ ಕಾರ್ಡ್ ಇದ್ದರೆ ಇನ್ನೂ ಒಳ್ಳೆಯದು. ಆಡಾಸಿಟಿ ಅಂತ ಪುಕ್ಕಟೆ ತಂತ್ರಾಂಶ ಇದೆ, ಮಗನಿಗೆ ಹೇಳಿ ಹಾಕಿಸಿಕೊಳ್ಳಿ, ಗುಜರಿ ಅಂದ ತಪ್ಪಿಗೆ ಅಷ್ಟಾದರೂ ಮಾಡಲಿ. ಎಂಪಿ3 ಬೇಡ, ಮೊದಲು ವೇವ್ ಫೈಲಾಗಿ ಇಟ್ಟುಕೊಳ್ಳಿ. ಎಂಪಿ3 ಯಾವಾಗ ಬೇಕಾದರೂ ಮಾಡಿಕೊಳ್ಳಬಹುದು, ಅದರಿಂದ ವಾಪಸ್ ಬರಲು ಆಗುವುದಿಲ್ಲ. ಮುಖ್ಯವಾಗಿ, ಒಂದು ಬದಿಯನ್ನು ಒಂದೇ ಫೈಲಾಗಿ, ಮೊದಲಿಂದ ಕೊನೆವರೆಗೆ ಹಿಡಿಯಿರಿ. ಹಾಡು ಹಾಡಾಗಿ ಕತ್ತರಿಸುವ ಆಸೆ ಬರುತ್ತದೆ, ಬೇಡ.

ಯಾಕೆ ಅಂದರೆ ನನ್ನ ಕಥೆ ಕೇಳಿ. ಅಪ್ಪ ರೇಡಿಯೋದಿಂದ ಹಿಡಿದ ಎಂಟು ಕ್ಯಾಸೆಟ್ ನಮ್ಮ ಮನೆಯಲ್ಲಿದ್ದವು. ಏಳನ್ನು ಒಂದು ಅಂಗಡಿಗೆ ಕೊಟ್ಟೆ, ಸಿಡಿ ಮಾಡಿಕೊಡಿ ಅಂತ. ಆ ಪುಣ್ಯಾತ್ಮರು ಶ್ರದ್ಧೆಯಿಂದ ‘ಕ್ಲೀನ್’ ಮಾಡಿ ಕೊಟ್ಟರು. ‘ಇದು ಆಕಾಶವಾಣಿ ಮೈಸೂರು’ ಅನ್ನುವ ದನಿ ಇಲ್ಲ, ಹಾಡಿನ ಮೊದಲು ಯಾರು ಹಾಡಿದ್ದು, ಯಾರು ಬರೆದದ್ದು ಅಂತ ಹೇಳುತ್ತಿದ್ದದ್ದು ಇಲ್ಲ, ನಮ್ಮ ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋಗುತ್ತಿದ್ದದ್ದು ಇಲ್ಲ. ಬರೀ ಹಾಡು. ಅದೇ ಹಾಡು, ಇನ್ನೂ ಚೆನ್ನಾಗಿ, ನಿಮ್ಮ ಮಗ ಹೇಳುವ ಯೂಟ್ಯೂಬಿನಲ್ಲಿತ್ತು. ಹಳೆಯ ಕ್ಯಾಸೆಟ್ ವಾಪಸ್ ಕೊಡಿ ಅಂದರೆ ‘ಬೇಕಾಗಿತ್ತಾ ಅದು?’ ಅಂದರು.

ಪ್ರಶ್ನೆ: ನನ್ನ ಮಗಳು ಎಂಟನೇ ಕ್ಲಾಸು. ಬೆಳಗಿನಿಂದ ರಾತ್ರಿವರೆಗೆ ಬಿಟಿಎಸ್ ಅನ್ನುವ ಕೊರಿಯಾ ಹುಡುಗರ ಹಾಡು. ಒಂದು ಪದ ಅರ್ಥವಾಗದ ಹಾಡನ್ನು ಯಾಕೆ ಕೇಳುತ್ತೀಯೆ ಅಂದರೆ ಮುಖ ಊದಿಸಿಕೊಳ್ಳುತ್ತಾಳೆ. ನಾನು ಮಂಡ್ಯದವಳು, ನನಗೆ ಸುಗಮ ಸಂಗೀತ, ದೇವರನಾಮ ಅಷ್ಟೇ. ಇವಳನ್ನು ಹೇಗೆ ನಮ್ಮ ಸಂಗೀತಕ್ಕೆ ತರುವುದು?

ಉತ್ತರ: ಒಂದು ಪದ ಅರ್ಥವಾಗದೆ ತೆಲುಗು ಕೀರ್ತನೆ ಕೇಳಿ ಕಣ್ಣೀರು ಹಾಕುವವರು ನಮ್ಮ ಮನೆಗಳಲ್ಲಿ ಎಷ್ಟು ಜನ ಇಲ್ಲ ಹೇಳಿ.

ನಮ್ಮ ಜಯಚಾಮರಾಜೇಂದ್ರ ಒಡೆಯರ್ ಅವರನ್ನೇ ತೆಗೆದುಕೊಳ್ಳಿ. ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದವರು, ‘ಶ್ರೀವಿದ್ಯಾ’ ಅಂಕಿತದಲ್ಲಿ. ಅದೇ ಮಹಾರಾಜರಿಗೆ ನಿಕೊಲಾಯ್ ಮೆಡ್ನರ್ ಅನ್ನುವ ರಷ್ಯಾದ ಸಂಗೀತಗಾರನ ಪಿಯಾನೋ ಅಂದರೆ ಪ್ರಾಣ. ಆತ ಲಂಡನ್ನಿನಲ್ಲಿ ವಯಸ್ಸಾಗಿ, ಹೆಚ್ಚು ಜನ ಕೇಳುವವರಿಲ್ಲದೆ ಇದ್ದಾಗ, 1940ರ ದಶಕದ ಕೊನೆಯಲ್ಲಿ ಮೈಸೂರಿನಿಂದ ದುಡ್ಡು ಕೊಟ್ಟು ಆತನ ಸಂಗೀತವನ್ನು ರೆಕಾರ್ಡ್ ಮಾಡಿಸಿದರು. ಮೆಡ್ನರ್ ತನ್ನ ಮೂರನೇ ಪಿಯಾನೋ ಕನ್‌ಸರ್ಟೋವನ್ನು ಮೈಸೂರು ಮಹಾರಾಜರಿಗೇ ಅರ್ಪಿಸಿದ್ದಾನೆ. ಇಲ್ಲಿಯ ಅರಮನೆಯಲ್ಲಿ ಕೂತವರಿಗೆ ಮಾಸ್ಕೋದ ಪಿಯಾನೋ ಹಿಡಿಸಬಹುದಾದರೆ ಮಂಡ್ಯದ ಹುಡುಗಿಗೆ ಸಿಯೋಲ್ ಯಾಕೆ ಹಿಡಿಸಬಾರದು?

‘ತರುವುದು’ ಅನ್ನುವ ಯೋಚನೆ ಬಿಡಿ. ಒಂದು ಸಂಜೆ ಅವಳ ಪಕ್ಕ ಕೂತು, ಅವಳಿಗೆ ಬಹಳ ಇಷ್ಟವಾದ ಒಂದೇ ಒಂದು ಹಾಡನ್ನು ಪೂರ್ತಿ ಕೇಳಿ. ಏಳು ಜನರಲ್ಲಿ ಯಾರ ದನಿ ಯಾವುದು ಅಂತ ಅವಳನ್ನೇ ಕೇಳಿ. ಅವಳು ಹೇಳುವ ರೀತಿ ನೋಡಿದರೆ ಗೊತ್ತಾಗುತ್ತದೆ, ಕಿವಿ ಎಷ್ಟು ಚುರುಕಾಗಿದೆ ಅಂತ. ಆಮೇಲೆ ನಿಮ್ಮದೊಂದು ಅವಳು ಕೇಳಲಿ. ಸಾಲ ತೀರಿಸಿದ ಹಾಗೆ.

ಪ್ರಶ್ನೆ: ನಾವು ಕಿಕ್ಕೇರಿಯವರು. ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ ಊರು ಅಂತ ಹೇಳಿಕೊಳ್ಳುವ ಹೆಮ್ಮೆ ಇದೆ. ಮನೆಯಲ್ಲಿ ಸಂಜೆಯಾದರೆ ಭಾವಗೀತೆ. ಆದರೆ ನಮ್ಮ ಯಜಮಾನರು ಅಶ್ವತ್ಥ್ ಕಡೆ, ನಾನು ಅನಂತಸ್ವಾಮಿ ಕಡೆ. ನಾಡಗೀತೆಯ ಧಾಟಿ ವಿಷಯಕ್ಕೆ ಬಂದರೆ ಮಾತು ಬಿಡುವಷ್ಟು ಜಗಳ. ನೀವೇ ತೀರ್ಪು ಕೊಡಿ.

ಉತ್ತರ: ತೀರ್ಪು ಆಗಲೇ ಬಂದಿದೆಯಲ್ಲ ಅಮ್ಮ. ಕುವೆಂಪು ಅವರ ಪದ್ಯ 2004ರಲ್ಲಿ ನಾಡಗೀತೆಯಾಯಿತು, ಧಾಟಿಯ ಜಗಳ ಮಾತ್ರ ಮುಂದುವರಿಯಿತು. 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಆದೇಶ ಹೊರಡಿಸಿತು: ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡ್. ಹಾಗಾಗಿ ಕಾಗದದ ಮೇಲೆ ನೀವು ಗೆದ್ದಿದ್ದೀರಿ. ಮನೆಯೊಳಗೆ ಸರ್ಕಾರದ ಆದೇಶ ಎಷ್ಟು ನಡೆಯುತ್ತದೋ ಅದು ನಿಮಗೇ ಗೊತ್ತು.

ನನ್ನ ಅಭಿಪ್ರಾಯ ಬೇಕೇ ಬೇಕು ಅಂದರೆ, ಅನಂತಸ್ವಾಮಿ ಹಾಡಿದರೆ ಪಡಸಾಲೆಯಲ್ಲಿ ಪಕ್ಕದಲ್ಲೇ ಕೂತು ಪದ್ಯ ಓದಿ ಹೇಳಿದ ಹಾಗಿರುತ್ತದೆ, ಅಶ್ವತ್ಥ್ ಹಾಡಿದರೆ ಊರಾಚೆ ಹೊಲದಲ್ಲಿರುವವನನ್ನೂ ಕೂಗಿ ಕರೆದ ಹಾಗೆ. ನಾಡಗೀತೆಗೆ ಶಾಲೆಯ ಮಕ್ಕಳೆಲ್ಲ ಒಟ್ಟಿಗೆ ಹಾಡಲು ಬರಬೇಕು, ಅದಕ್ಕೆ ನಿಮ್ಮ ಪಕ್ಷ ಸರಿ. ನರಸಿಂಹಸ್ವಾಮಿಯವರ 1942ರ ‘ಮೈಸೂರು ಮಲ್ಲಿಗೆ’ಯ ಪದ್ಯಗಳಿಗೆ ಬಂದರೆ ಮಾತ್ರ ನಾನು ನಿಮ್ಮ ಯಜಮಾನರ ಕಡೆ ಒಂದು ಕಾಲು ಇಡುತ್ತೇನೆ, ಆ ಹೆಸರಿನ ಸಿನಿಮಾಕ್ಕೆ ಅಶ್ವತ್ಥ್ ಕೊಟ್ಟ ಸಂಗೀತ ಕೇಳಿದ ಮೇಲೆ ಬೇರೆ ಧಾಟಿ ನನ್ನ ತಲೆಯಲ್ಲಿ ಕೂರುವುದಿಲ್ಲ. ಹಾಡಿನ ಗೊಡವೆಯೇ ಬೇಡ ಅಂದರೆ ಪುಸ್ತಕ ತೆಗೆದು ಗಟ್ಟಿಯಾಗಿ ಓದಿ, ಅದಕ್ಕೆ ತನ್ನದೇ ಧಾಟಿ ಇದೆ.

ಪ್ರಶ್ನೆ: ನಮ್ಮದು ಮಳವಳ್ಳಿ ತಾಲ್ಲೂಕು. ಆಲೆಮನೆಯಲ್ಲಿ ರಾತ್ರಿ ಪಾಳಿ. ಕೊಪ್ಪರಿಗೆ ಮುಂದೆ ಕೂತು ಫೋನಿನಲ್ಲಿ ಮಂಟೇಸ್ವಾಮಿ ಪದ ಹಾಕಿಕೊಳ್ಳುತ್ತೇವೆ. ಸರಿಯಾಗಿ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಮನೆ ಬಾಗಿಲಿಗೆ ಹೋಗುವ ಹೊತ್ತಿಗೆ ಸೋಪಿನ ಜಾಹೀರಾತು ಬರುತ್ತದೆ. ಆಮೇಲೆ ಹುಡುಕಿದರೆ ಮುಂದಿನ ಭಾಗವೇ ಇರುವುದಿಲ್ಲ. ನಮ್ಮ ತಾತ ರಾತ್ರಿಯೆಲ್ಲ ಕೇಳುತ್ತಿದ್ದರಂತೆ. ಪೂರ್ತಿ ಎಲ್ಲಿ ಸಿಗುತ್ತದೆ ಅಕ್ಕ? ಹಾಗೇ ಇನ್ನೊಂದು, ಇದೂ ಕಂಸಾಳೆ ಪದವೂ ಒಂದೇನಾ?

ಉತ್ತರ: ಈ ಸಲ ಬಂದ ಪತ್ರಗಳಲ್ಲಿ ನನಗೆ ಹೊಟ್ಟೆಕಿಚ್ಚು ಬರಿಸಿದ್ದು ಇದೊಂದೇ. ಬೆಲ್ಲ ಕುದಿಯುವ ವಾಸನೆ, ಮುಂದೆ ಬೆಂಕಿ, ಕಿವಿಗೆ ತಂಬೂರಿ ಪದ. ಸೋಪಿನ ಜಾಹೀರಾತು ಬಂದರೂ ಪರವಾಗಿಲ್ಲ.

ಎರಡನೇ ಪ್ರಶ್ನೆಗೆ ಮೊದಲು ಉತ್ತರ. ಒಂದೇ ಅಲ್ಲ, ಪಟ್ಟಣದವರು ಎರಡನ್ನೂ ಒಂದೇ ಮೂಟೆಗೆ ಹಾಕಿ ‘ಜಾನಪದ’ ಅಂದುಬಿಡುತ್ತಾರೆ. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಕಥೆ ಹಾಡುವವರು ನೀಲಗಾರರು. ಅವರ ಕೈಯಲ್ಲಿ ತಂಬೂರಿ, ಗಗ್ಗರ. ಕಂಸಾಳೆ ಹಿಡಿಯುವವರು ಮಲೆ ಮಾದಪ್ಪನ ಭಕ್ತರಾದ ದೇವರಗುಡ್ಡರು. ಎಡಗೈಯಲ್ಲಿ ಬಟ್ಟಲಿನಂಥ ಕಂಚು, ಬಲಗೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಟ್ಟೆ. ಕುಣಿಯುತ್ತಾ ಬೀಸಿ ಬಡಿಯುವುದನ್ನು ಸಿನಿಮಾದಲ್ಲಿ ತೋರಿಸಿ ತೋರಿಸಿ ಜನಕ್ಕೆ ಅಷ್ಟೇ ಗೊತ್ತು, ಆದರೆ ಗುಡ್ಡರು ಕೂತು ಕಥೆ ಹಾಡುವುದೇ ಬೇರೆ. ಮಾದಪ್ಪನ ಕಥೆಯಲ್ಲಿ ಬರುವ ಸಂಕಮ್ಮನ ಸಾಲನ್ನು ಕೇಳಲು ಕೂತವರು, ಗಂಡ ನೀಲೇಗೌಡ ಜೇನಿಗೆ ಹೋಗುವ ಮುಂಚೆ ಹೆಂಡತಿ ಹತ್ತಿರ ಭಾಷೆ ಕೇಳುವ ಜಾಗಕ್ಕೆ ಬಂದಾಗ ಎದ್ದು ಹೋದದ್ದನ್ನು ನಾನು ನೋಡಿಲ್ಲ.

ಇನ್ನು ಪೂರ್ತಿ ಸಿಗುವುದರ ವಿಷಯ. ಈ ಕಥೆಗಳ ಒಂದೊಂದು ಭಾಗವನ್ನು ‘ಸಾಲು’ ಅಂತ ಕರೆಯುತ್ತಾರೆ. ಒಂದೊಂದು ಸಾಲು ಒಂದು ರಾತ್ರಿಯ ಬಾಳು. ಮುಂದಾಳು ಒಂದು ಮಾತು ಎತ್ತುತ್ತಾನೆ, ಹಿಮ್ಮೇಳದವರು ಕೊನೆ ಹಿಡಿದು ಎಳೆಯುತ್ತಾರೆ, ಆ ಬಿಡುವಿನಲ್ಲಿ ಆತ ಮುಂದಿನ ಮಾತು ಹೊಂದಿಸಿಕೊಳ್ಳುತ್ತಾನೆ. ಕೇಳುವವರು ಹೂಂ ಅಂದರೆ ಕಥೆ ಹಿಗ್ಗುತ್ತದೆ, ಆಕಳಿಸಿದರೆ ಕುಗ್ಗುತ್ತದೆ. ಇದನ್ನು ಕ್ಯಾಸೆಟ್ ಕಾಲದಲ್ಲಿ ಮೂವತ್ತು ಮೂವತ್ತು ನಿಮಿಷಕ್ಕೆ ಕತ್ತರಿಸಿದರು, ಈಗ ಹತ್ತು ಹತ್ತು ನಿಮಿಷಕ್ಕೆ. ಹಾಗಾಗಿ ‘ಪೂರ್ತಿ’ ಅನ್ನುವುದು ಫೋನಿನಲ್ಲಿ ಸಿಗುವ ಸಾಮಾನಲ್ಲ. ಸಿಕ್ಕರೂ ಯಾರೋ ಒಂದು ರಾತ್ರಿ ಹಾಡಿದ ಪೂರ್ತಿ, ಅಷ್ಟೇ.

ನಿಮಗೆ ಒಂದು ಅನುಕೂಲ ಇದೆ, ನೀವು ಆ ಕಥೆಯ ಒಳಗೇ ಬದುಕುತ್ತಿದ್ದೀರಿ. ಮಂಟೇಸ್ವಾಮಿ ಗದ್ದುಗೆಯ ಬೊಪ್ಪೇಗೌಡನಪುರ ನಿಮ್ಮ ತಾಲ್ಲೂಕೇ. ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹೋದ ಹಲಗೂರೂ ನಿಮ್ಮದೇ. ಬನದ ಹುಣ್ಣಿಮೆಗೆ, ಜನವರಿ ಸುಮಾರಿಗೆ, ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿನಲ್ಲಿ ಜಾತ್ರೆ, ಮೊದಲ ರಾತ್ರಿ ಬಿದಿರಿನಲ್ಲಿ ಕಟ್ಟಿದ ಚಂದ್ರಮಂಡಲಕ್ಕೆ ಬೆಂಕಿ ಹಚ್ಚುತ್ತಾರೆ. ಶಿವರಾತ್ರಿಗೆ ಕೆ.ಆರ್. ನಗರದ ಕಡೆ ಕಪ್ಪಡಿ. ಅಲ್ಲಿ ಬಿಡಾರ ಬಿಡಾರದಲ್ಲಿ ನೀಲಗಾರರು ಸಿಗುತ್ತಾರೆ. ಒಬ್ಬರನ್ನು ಮಾತಾಡಿಸಿಕೊಂಡು ಬನ್ನಿ, ಕಬ್ಬು ಅರೆಯುವುದು ಮುಗಿದ ಒಂದು ರಾತ್ರಿ ಆಲೆಮನೆಗೇ ಕರೆಸಿ ಹಾಡಿಸಿ. ಊಟ ಹಾಕಿ, ಕೈಗೆ ಸರಿಯಾಗಿ ದುಡ್ಡು ಕೊಡಿ, ಜೊತೆಗೆ ಎರಡು ಅಚ್ಚು ಬೆಲ್ಲ. ರೆಕಾರ್ಡ್ ಮಾಡುವುದಾದರೆ ಅವರನ್ನು ಕೇಳಿ ಮಾಡಿ. ರಾಮನಗರದ ಜಾನಪದ ಲೋಕಕ್ಕೂ ಒಮ್ಮೆ ಹೋಗಿ ಬನ್ನಿ, ಅದನ್ನು 1994ರಲ್ಲಿ ಕಟ್ಟಿ ನಿಲ್ಲಿಸಿದ ಎಚ್.ಎಲ್. ನಾಗೇಗೌಡರು ನಿಮ್ಮ ಜಿಲ್ಲೆಯ ನಾಗಮಂಗಲದ ಕಡೆಯವರು.

ಪ್ರಶ್ನೆ: ಸಾಫ್ಟ್‌ವೇರ್ ಕೆಲಸ, ವಿಜಯನಗರದಲ್ಲಿ ಮನೆ. ಮದುವೆಯಾದ ಮೇಲೆ ಅತ್ತೆಯವರನ್ನು ಒಂಟಿಕೊಪ್ಪಲಿನ ಎಂಟನೇ ಕ್ರಾಸ್ ಗಣಪತಿ ಪೆಂಡಾಲಿಗೆ ಕಚೇರಿ ಕೇಳಲು ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂದಿದೆ. ಅತ್ತೆ ತಲೆ ಆಡಿಸುತ್ತಾರೆ, ನಾನೂ ಆಡಿಸುತ್ತೇನೆ, ಒಮ್ಮೊಮ್ಮೆ ನಾನೊಬ್ಬನೇ ಆಡಿಸುತ್ತಿರುತ್ತೇನೆ. ಸಂಗೀತ ಕಲಿಯಲು ಟೈಮಿಲ್ಲ. ಕೇಳಲು ಕಲಿಯುವುದು ಹೇಗೆ?

ಉತ್ತರ: ನೀವೊಬ್ಬರೇ ತಲೆ ಆಡಿಸಿದರೂ ತಪ್ಪಿಲ್ಲ, ಹಾಡುವವರಿಗೆ ಅದೇ ಸಂತೋಷ.

ಕೈಯಿಂದ ಶುರುಮಾಡಿ, ಕಿವಿ ಆಮೇಲೆ ಬರುತ್ತದೆ. ಆದಿತಾಳ ಕಲಿಯಲು ಐದು ನಿಮಿಷ ಸಾಕು. ತೊಡೆಗೆ ಒಂದು ತಟ್ಟು, ಕಿರುಬೆರಳಿನಿಂದ ಮೂರು ಬೆರಳು ಎಣಿಕೆ, ಆಮೇಲೆ ತಟ್ಟಿ ಕೈ ಮಗುಚು, ಮತ್ತೆ ತಟ್ಟಿ ಮಗುಚು. ಎಂಟಾಯಿತು. ಕಚೇರಿಯ ಅರ್ಧಕ್ಕಿಂತ ಜಾಸ್ತಿ ಇದರಲ್ಲೇ ಹೋಗುತ್ತದೆ. ಮೊದಲ ಸಾಲಿನವರು ಹಾಕುವ ತಾಳ ನೋಡಿಕೊಂಡು ಸೇರಿಕೊಳ್ಳಿ, ತಪ್ಪಿದರೆ ಬಿಟ್ಟು ಮತ್ತೆ ಹಿಡಿಯಿರಿ.

ರಾಗಕ್ಕೆ ಬಂದರೆ ಐದೇ ಸ್ವರದ್ದು ಒಂದನ್ನು ಹಿಡಿದುಕೊಳ್ಳಿ. ಮೋಹನ ಆಗಬಹುದು, ಸ ರಿ ಗ ಪ ದ. ಒಂದು ತಿಂಗಳು ಅದೊಂದೇ ರಾಗ, ಯಾರು ಹಾಡಿದ್ದಾದರೂ ಸರಿ, ವೀಣೆಯಾದರೂ ಕೊಳಲಾದರೂ ಸರಿ. ಹತ್ತು ರಾಗ ಒಟ್ಟಿಗೆ ಗುರುತಿಸಲು ಹೋದವರು ಒಂದನ್ನೂ ಹಿಡಿಯದೆ ವಾಪಸ್ ಬಂದದ್ದನ್ನು ನೋಡಿದ್ದೇನೆ. ಮುಂದಿನ ತಿಂಗಳು ಹಿಂದೋಳ, ಅದೇ ಸ್ವರಗಳನ್ನು ಹಿಂದೂಸ್ತಾನಿಯವರು ಮಾಲ್‌ಕೌಂಸ್ ಅಂತ ಹಾಡುವುದನ್ನೂ ಜೊತೆಗೆ ಕೇಳಿ. ಮನೆ ಅದೇ, ಬಾಡಿಗೆದಾರರು ಬೇರೆ.

ಅತ್ತೆಯವರ ಹತ್ತಿರ ಮಾತಿಗೆ ಬೇಕಾದರೆ ಎರಡು ವಿಷಯ. ಖಮಾಸ್ ರಾಗದ ‘ಬ್ರೋಚೇವಾರೆವರುರಾ’ ಎಲ್ಲರೂ ಹಾಡುತ್ತಾರೆ, ತೆಲುಗಿನಲ್ಲಿದೆ, ಬರೆದವರು ನಮ್ಮ ಮೈಸೂರು ವಾಸುದೇವಾಚಾರ್ಯರು. ಎರಡನೆಯದು, ತಿರುಮಕೂಡಲಿನ ಚೌಡಯ್ಯನವರು ಪಿಟೀಲಿಗೆ ನಾಲ್ಕು ತಂತಿ ಸಾಲದು ಅಂತ ಇನ್ನೂ ಮೂರು ಸೇರಿಸಿ ಏಳು ಮಾಡಿಕೊಂಡರು. ಮೈಕಿಲ್ಲದ ಕಾಲ, ಹಿಂದೆ ಕೂತವರಿಗೂ ಕೇಳಬೇಕಲ್ಲ. ಇನ್ನು ತನಿ ಆವರ್ತನ, ಅಂದರೆ ಮೃದಂಗಕ್ಕೇ ಬಿಟ್ಟುಕೊಡುವ ಭಾಗ, ಶುರುವಾದ ತಕ್ಷಣ ಕಾಫಿಗೆ ಏಳುವವರ ಜೊತೆ ದಯವಿಟ್ಟು ನೀವೂ ಏಳಬೇಡಿ. ಸಂಜೆಯೆಲ್ಲ ಬೇರೆಯವರಿಗೆ ನುಡಿಸಿದ ಮೃದಂಗದವರಿಗೆ ಸಿಗುವುದು ಅದೇ ಹತ್ತು ನಿಮಿಷ.

ಪ್ರಶ್ನೆ: ನಾನು ಏನನ್ನೂ ಆರಿಸಿಕೊಳ್ಳುವುದಿಲ್ಲ. ಬೆಳಿಗ್ಗೆ ರೇಡಿಯೋದಲ್ಲಿ ಮೈಸೂರು ಆಕಾಶವಾಣಿ ಹಾಕಿ ಬಿಡುತ್ತೇನೆ, ಅವರು ಹಾಕಿದ್ದು ನಾನು ಕೇಳಿದ್ದು. ನನ್ನನ್ನು ಸಂಗೀತಪ್ರೇಮಿ ಅನ್ನಬಹುದೇ? (ಯಾದವಗಿರಿಯ ಗೃಹಿಣಿ)

ಉತ್ತರ: ಧಾರಾಳವಾಗಿ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೋ ಶುರುಮಾಡಿದ್ದು ನಿಮ್ಮಂಥವರಿಗಾಗಿಯೇ. ಆ ಮನೆಯ ರೇಡಿಯೋದ ‘ಆಕಾಶವಾಣಿ’ ಅನ್ನುವ ಹೆಸರು ಆಮೇಲೆ ಇಡೀ ದೇಶದ್ದಾಯಿತು. ಬೇರೆಯವರು ಆರಿಸಿದ್ದನ್ನು ತಾಳ್ಮೆಯಿಂದ ಕೇಳುವುದು ಈಗ ಎಲ್ಲರಿಗೂ ಬರುವ ವಿದ್ಯೆಯಲ್ಲ. ಮೊದಲ ಪ್ರಶ್ನೆ ಕೇಳಿದ ಮಂಡ್ಯದ ಹುಡುಗನಿಗೆ ಒಂದು ವಾರ ನಿಮ್ಮ ರೇಡಿಯೋ ಸಾಲ ಕೊಡುವಿರಾ?

ಪ್ರಶ್ನೆ: ಎಲ್ಲರದ್ದೂ ಕೇಳುತ್ತೀರಿ, ನೀವು ಈಗ ಏನು ಕೇಳುತ್ತಿದ್ದೀರಿ ಹೇಳಿ ಮೇಡಂ. (ಇದು ಒಬ್ಬರಲ್ಲ, ಹನ್ನೊಂದು ಜನ ಕೇಳಿದ್ದು.)

ಉತ್ತರ: ಬೆಳಿಗ್ಗೆ ರಾಜೀವ ತಾರಾನಾಥರ ಸರೋದ್. 2024ರ ಜೂನ್‌ನಲ್ಲಿ ಅವರು ಹೋದ ಮೇಲೆ ಶುರುವಾದ ಅಭ್ಯಾಸ, ಇದ್ದಾಗ ಇದೇ ಊರಿನಲ್ಲಿದ್ದರಲ್ಲ, ಯಾವಾಗ ಬೇಕಾದರೂ ಕೇಳಬಹುದು ಅಂತ ಎಷ್ಟೋ ಸಂಜೆ ತಪ್ಪಿಸಿಕೊಂಡಿದ್ದೆ. ಆಲಾಪ ಮುಗಿಯುವ ತನಕ ಒಲೆ ಹಚ್ಚುವುದಿಲ್ಲ. ಮನೆಯವರು ಒಗ್ಗಿಕೊಂಡಿದ್ದಾರೆ.

ರಾತ್ರಿ, ಅಪ್ಪನ ಎಂಟನೇ ಕ್ಯಾಸೆಟ್. ಅಂಗಡಿಗೆ ಕೊಡದೆ ಉಳಿದದ್ದು, ಏಕೆಂದರೆ ಅವತ್ತು ಅದು ಬೀರುವಿನ ಹಿಂದೆ ಬಿದ್ದಿತ್ತು. ಮೇಷ್ಟ್ರಿಗೆ ಹೇಳಿದ ಹಾಗೆಲ್ಲ ಮಾಡಿ, ಒಂದು ಬದಿ ಒಂದು ಫೈಲಾಗಿ ಹಿಡಿದಿದ್ದೇನೆ. ಅದರಲ್ಲಿ ಸೊಪ್ಪಿನವಳು ಇದ್ದಾಳೆ, ಎರಡು ಸಲ ಬರುತ್ತಾಳೆ. ಮೊದಲ ಬದಿಯ ಕೊನೆಯ ಹಾಡು ಎರಡನೇ ಚರಣದ ನಡುವೆ ‘ಟಕ್’ ಅಂತ ನಿಲ್ಲುತ್ತದೆ, ಮೂವತ್ತು ನಿಮಿಷ ಮುಗಿಯಿತು. ಅದೇ ಹಾಡು ಮೊನ್ನೆ ಒಂದು ಮದುವೆ ಮನೆಯ ಆರ್ಕೆಸ್ಟ್ರಾದಲ್ಲಿ ಪೂರ್ತಿ ಬಂತು. ಆ ಜಾಗಕ್ಕೆ ಬಂದಾಗ ನಾನು ತಾಳ ಹಾಕುವುದನ್ನು ನಿಲ್ಲಿಸಿಬಿಟ್ಟಿದ್ದೆ. ಪಕ್ಕದಲ್ಲಿದ್ದ ತಂಗಿಯ ಕೈಯೂ ನಿಂತಿತ್ತು.